ಕಚ್ಚಿ ನೋಡಿದ ಮಾಲು

ನಮ್ಮ ಸೋದರಮಾವ ಕಚ್ಚುತ್ತಿದ್ದರು! ಗಾಬರಿಯಾಗಬೇಡಿ, ಮನುಷ್ಯರನ್ನಲ್ಲ, ಬೊಂಬೆಗಳನ್ನು. ಚನ್ನಪಟ್ಟಣದಲ್ಲಿ ಲೇತ್ ಇಟ್ಟುಕೊಂಡು ಗಿಲಕಿ, ಕುದುರೆ ಮಾಡುವ ಈ ಮಹಾನುಭಾವರು, ಹೊಸ ಬಣ್ಣ ಕಲಸಿದಾಗಲೆಲ್ಲ ಒಂದು ಬೊಂಬೆ ಎತ್ತಿ ಕಟಕ್ಕನೆ ಕಚ್ಚಿ, ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದರು. ಬೊಂಬೆ ಸಿಕ್ಕ ಮಗು ಮೊದಲು ಮಾಡುವುದೂ ಅದನ್ನೇ ತಾನೇ? ಕಚ್ಚಿದ್ದನ್ನು ಮಾರುವಂತಿಲ್ಲವಲ್ಲ, ಅದು ನೆಂಟರ ಪಾಲು! ನನ್ನ ಮದುವೆಗೆ ಬಂದ ಜೋಡಿ ಬೊಂಬೆಯಲ್ಲಿ ಮದುಮಗನ ಪೇಟದ ಮೇಲೆ ಮಾವನ ಹಲ್ಲಿನ ಗುರುತಿತ್ತು. ನಿಮ್ಮ ಮನೆಯಲ್ಲಿ ಇಲಿ ಜಾಸ್ತಿಯಾ ಎಂದು ನನ್ನ ಗಂಡ ಮೆಲ್ಲಗೆ ಕೇಳಿದ್ದರು.

ಆಗ ಬಿಡದಿಯಿಂದೀಚೆಗೆ ಹೆದ್ದಾರಿಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಬೊಂಬೆ ರಫ್ತು ಮಾಡುವ ಕಂಪನಿಯೊಂದು ಮಾವನಿಗೆ ದೊಡ್ಡ ಆರ್ಡರ್ ಕೊಡಲು ಮುಂದೆ ಬಂತು. ಅದು ಸಿಕ್ಕರೆ ಹೊಸ ಲೇತ್, ಸೋರುವ ಶೆಡ್ಡಿಗೆ ಹೊಸ ಶೀಟು! ಅತ್ತೆ ಕೆಂಗಲ್ ಆಂಜನೇಯನಿಗೆ ಹರಕೆಯನ್ನೂ ಹೊತ್ತರು. ರಾಮನಗರದ ಹೋಟೆಲಿನಲ್ಲಿ ಬೊಂಬೆ ಮಾಡುವವರ ಮೀಟಿಂಗ್ ಕರೆದ ಕಂಪನಿಯ ಮ್ಯಾನೇಜರು, ಇಂದಿನ ವ್ಯವಹಾರ ನಿಂತಿರುವುದೇ ನಂಬಿಕೆಯ ಮೇಲೆ ಎಂದರಂತೆ. ಮಾವ ಒಬ್ಬರೇ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ!

ವಾರದೊಳಗೆ ಅದೇ ಮ್ಯಾನೇಜರು ಶೆಡ್ಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತುತ್ತಾ ಕೂತರೆ ತಡವಾಗುತ್ತದೆ, ಡಬ್ಬಿ ಪೇಂಟ್ ಹೊಡೆಯಿರಿ, ಅರಗು ಅಂತಲೇ ಚೀಟಿ ಅಂಟಿಸೋಣ, ನನ್ನನ್ನು ನಂಬಿ ಎಂದು ಕೆಂಪು ಕುದುರೆಯ ಸ್ಯಾಂಪಲ್ ಮುಂದಿಟ್ಟರು. ಮಾವ ಅದನ್ನು ಪಂಚೆಯಲ್ಲಿ ಒರೆಸಿ ಅವರ ಕೈಗೇ ಕೊಟ್ಟರು.

"ನಂಬಿವ್ನಿ ಸ್ವಾಮಿ. ಎಲ್ಲಿ, ನೀವೇ ಒಸಿ ಕಚ್ಚಿ."

ಮ್ಯಾನೇಜರು ಕುದುರೆಯನ್ನು ನೋಡಿದರು, ಮಾವನನ್ನು ನೋಡಿದರು, ಕೊನೆಗೆ ಗಡಿಯಾರ ನೋಡಿಕೊಂಡರು. ಕುದುರೆ ಕಾರು ಹತ್ತಿತು, ಜೊತೆಗೆ ಆರ್ಡರೂ! ಒಂದು ಸಲ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ಅತ್ತೆ ಗೊಣಗಿದ್ದೇ ಗೊಣಗಿದ್ದು. ಬಾಯಿ ತೆರೆಯುವುದೇ ಮಾವನ ಕಸುಬಲ್ಲವೇ! ಹಳೆ ಲೇತ್ ತಿರುಗುತ್ತಲೇ ಇತ್ತು, ಶೆಡ್ಡು ಸೋರುತ್ತಲೇ ಇತ್ತು.

ವರ್ಷಗಳು ಕಳೆದು ನನ್ನ ಮಗಳಿಗೆ ಹಲ್ಲು ಬರುವಾಗ ಮಾವ ಗಿಲಕಿ ಹಿಡಿದು ಬಂದರು. ತಿರುಗಿಸಿ ತಿರುಗಿಸಿ ನೋಡಿದೆ, ಹಲ್ಲಿನ ಗುರುತೇ ಇಲ್ಲ! ಕೊನೆಗೆ ನಮಗೂ ಕಚ್ಚದ ಮಾಲು ಕೊಡೋ ಹಾಗಾದಿರಾ ಮಾವ ಎಂದು ರೇಗಿಸಿದೆ. ಅವರು ಬಾಯಿ ತೆರೆದು ತೋರಿಸಿದರು. ಪೂರ್ತಿ ಬೊಚ್ಚು.

"ಹಲ್ಲೆಲ್ಲ ಹೋದ್ವು ಕಣವ್ವ. ನೆಕ್ಕಿ ನೋಡಿವ್ನಿ. ಕಚ್ಚೋದು ಇನ್ಮ್ಯಾಕೆ ಇವಳ ಪಾಲು."

ಮಗಳು ಗಿಲಕಿ ಕಸಿದುಕೊಂಡು ಕಚ್ಚಿ ಚಪ್ಪರಿಸಿದಳು. ಮಾವ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ನಕ್ಕಳು. ಆಮೇಲೆ ಅವರೂ ನಕ್ಕರು. ಇಬ್ಬರ ಬಾಯಿಗೂ ಸೇರಿ ಇದ್ದದ್ದು ಒಂದೇ ಹಲ್ಲು.