ಟಾಸ್ಕ್‌ಬಾರ್ ಎಳೆದು ಸಂಧಾನಕ್ಕೆ ಹೊರಟದ್ದು

ಕಂಪ್ಯೂಟರಿನ ತೆರೆಯ ಅಡಿಯಲ್ಲಿ ಬೆರಳಗಲದ ಒಂದು ಪಟ್ಟಿ ಇರುತ್ತದೆ. ಟಾಸ್ಕ್‌ಬಾರ್ ಎನ್ನುತ್ತಾರೆ. ಅದರ ಪಾಡಿಗೆ ಅದು ಇರುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಅದರ ತಂಟೆಗೆ ಹೋದವನು ನಾನು!

ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತಾಡುವುದೇ ತಾಳಮದ್ದಳೆ. ಆ ಮಾತಿನ ಕಲೆಯಲ್ಲಿ ನನಗೆ ಅದುವರೆಗೆ ಸಿಕ್ಕಿದ್ದೆಲ್ಲ ದ್ವಾರಪಾಲಕನ ಪಾತ್ರ. "ಅಪ್ಪಣೆ, ಪ್ರಭು" ಎಂದರೆ ನನ್ನ ಅರ್ಥಗಾರಿಕೆ ಸಂಪನ್ನವಾಯಿತು! ಅಂಥವನಿಗೆ, ಪದ್ಯ ಹಾಡಿ ಕೂಟ ನಡೆಸುವ ಸುಳ್ಯದ ಭಾಗವತರು ಫೋನ್ ಮಾಡಿ, "ಭಾನುವಾರ ಆನ್‌ಲೈನ್ ಕೂಟ ಉಂಟು. ದೂತನ ಪಾತ್ರದವರಿಗೆ ಜ್ವರ. ನೀವು ಮಾಡ್ತೀರಾ ಮಾರಾಯ್ರೆ?" ಎಂದು ಕೇಳಿದರು.

ದೂತ! ನೆರೆಯವನ ಭೂಮಿ ನುಂಗಿದ ರಾಜನ ಸಭೆಗೆ ಹೋಗಿ, ಬಿಟ್ಟುಕೊಡು ಎಂದು ವಾದಿಸುವವನು. ರಾಜನಾಗಿ ಮಾತಾಡುವವರು ಮಂಡೆಕೋಲಿನ ಮಾಸ್ತರರು. ಅವರ ಬಾಯಿಗೆ ಸಿಕ್ಕಿ ಉಳಿದವರಿಲ್ಲ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಡಬದ ಭಾವನಿಂದ ಹಿಡಿದು ದರ್ಬೆಯ ತರಕಾರಿ ಅಂಗಡಿಯವರ ತನಕ ಎಲ್ಲರಿಗೂ ಲಿಂಕ್ ಕಳುಹಿಸಿದೆ. ಗೆದ್ದರೆ ಇನ್ನು ಮುಂದೆ ದೊಡ್ಡ ಪಾತ್ರ, ಸೋತರೆ ಸಾಯುವ ತನಕ ಬಾಗಿಲು ಕಾಯುವುದು.

ಭಾನುವಾರ ಮಧ್ಯಾಹ್ನ ಶಲ್ಯ ಹೊದೆದು ಕಂಪ್ಯೂಟರಿನ ಎದುರು ಕುಳಿತೆ. ಮಾತು ಮರೆತರೆ ಇರಲಿ ಎಂದು ಟೈಪ್ ಮಾಡಿಟ್ಟ ನನ್ನ ಸಂಭಾಷಣೆ ತೆರೆಯ ಮೇಲರ್ಧದಲ್ಲಿ, ಕೂಟದವರ ಮುಖಗಳು ಕೆಳಗರ್ಧದಲ್ಲಿ. ಎಲ್ಲವೂ ಸರಿ. ಆದರೆ ನಾನು ಬಹಳ ಪ್ರೀತಿಯಿಂದ ಬರೆದ ಕೊನೆಯ ಸಾಲು ಮಾತ್ರ ಕಾಣುವುದಿಲ್ಲ. ಒಂದು ಬೆರಳು ಜಾಗ ಸಾಲದು. ಅಡಿಯಲ್ಲಿ ಮಲಗಿರುವ ಈ ಪಟ್ಟಿಯನ್ನು ಬದಿಗೆ ಸರಿಸಿದರೆ ಮುಗಿಯಿತಲ್ಲ!

ಹೆಂಡತಿ ಜಯ ಅಡುಗೆಮನೆಯಿಂದಲೇ ಅಪಾಯದ ವಾಸನೆ ಹಿಡಿದಳು. "ಇದ್ದದ್ದನ್ನು ಇದ್ದಲ್ಲಿ ಬಿಡಿ ಮಾರಾಯ್ರೆ. ಮೊನ್ನೆ ಮಿಕ್ಸಿ ರಿಪೇರಿ ಮಾಡಿದ್ದು ಸಾಕಾಗ್ಲಿಲ್ವಾ?"

"ಮಿಕ್ಸಿ ಬೇರೆ, ಇದು ಬೇರೆ" ಎಂದೆ.

ನಿಜ, ಬೇರೆಯೇ. ಮಿಕ್ಸಿಯಲ್ಲಿ ಕೊನೆಗೆ ಮೂರು ಸ್ಕ್ರೂವಾದರೂ ಉಳಿದಿತ್ತು!

ಪಟ್ಟಿಯ ಬೀಗ ತೆಗೆದೆ. ಹಿಡಿದು ಎಳೆದೆ. ಬಂತು! ಎಡಬದಿಗೆ ಹೋಗಿ ಕಂಬದ ಹಾಗೆ ಎದ್ದು ನಿಂತಿತು. ಚಿತ್ರಗಳೆಲ್ಲ ಒಂದರ ತಲೆಯ ಮೇಲೊಂದು. ಈಗ ಅಕ್ಷರಗಳಿಗೆ ಅಗಲ ಸಾಲದು. ಪುನಃ ಎಳೆದೆ. ನೆತ್ತಿಗೆ ಹೋಗಿ ನನ್ನ ಮೊದಲ ಸಾಲಿನ ಮೇಲೆ ಕುಳಿತಿತು. ಸಿಟ್ಟಿನಲ್ಲಿ ಜಗ್ಗಿದೆ. ಅಡಿಗೆ ಬಂತು. ಇನ್ನೂ ಸ್ವಲ್ಪ ಕೆಳಗೆ ತಳ್ಳುವ ಎಂದು ಅದರ ಅಂಚು ಹಿಡಿದೆ ನೋಡಿ, ಅದು ಸರಿಯಲಿಲ್ಲ. ಬೆಳೆಯಿತು! ಬೆರಳಗಲ ಇದ್ದದ್ದು ಅಂಗೈ ಅಗಲವಾಯಿತು, ಗಾಬರಿಯಲ್ಲಿ ಕೈ ಮೇಲೆ ಹೋದಾಗ ಅರ್ಧ ತೆರೆಯನ್ನೇ ನುಂಗಿತು. ಭಾಗವತರಿಲ್ಲ, ರಾಜನಿಲ್ಲ, ಮೈಕಿನ ಗುಂಡಿಯೂ ಇಲ್ಲ. ಎಲ್ಲವೂ ಪಟ್ಟಿಯ ಅಡಿಯಲ್ಲಿ!

ಅಷ್ಟರಲ್ಲಿ ಭಾಗವತರ ಪದ್ಯ ಮುಗಿಯಿತು. ರಾಜನ ಸ್ವರ ಮೊಳಗಿತು. "ಎಲೈ ದೂತನೇ, ಬಂದ ಕಾರ್ಯವೇನು?"

ನಾನು ಎದೆಯುಬ್ಬಿಸಿ ನಾಲ್ಕು ಸಾಲು ಓದಿದೆ. ಏನು ಓಘ, ಏನು ಏರಿಳಿತ! ರಾಜ ಕೇಳಿದ: "ಏನು, ನಾಲಿಗೆ ಮನೆಯಲ್ಲಿ ಬಿಟ್ಟು ಬಂದೆಯಾ?" ಮೈಕ್ ಮುಚ್ಚಿಯೇ ಇತ್ತು!

"ಜಯಾ, ಬೇಗ ಬಾ!" ಎಂದು ಕಿರುಚಿದೆ. ಅವಳು ದೋಸೆಹಿಟ್ಟಿನ ಕೈಯಲ್ಲೇ ಓಡಿ ಬಂದು ಮೇಜಿನ ಮೇಲೆ ಬಾಗಿದಳು. ಕೀಬೋರ್ಡಿಗೆ ಬಿದ್ದ ಆ ಕೈ ಯಾವುದನ್ನು ಒತ್ತಿತೋ ದೇವರೇ ಬಲ್ಲ, ಮೈಕ್ ತೆರೆದುಕೊಂಡಿತು. ಅದು ನಮಗಿಬ್ಬರಿಗೂ ಗೊತ್ತಿಲ್ಲ. ತೆರೆಯನ್ನು ನೋಡಿ ಅವಳು ಶುರು ಮಾಡಿದಳು.

"ಇದ್ದ ಜಾಗ ಸಾಲದು ಅಂತ ಅರ್ಧ ನುಂಗಿ ಕೂತದ್ದಾ? ಉಳಿದವರಿಗೆ ಮುಖ ತೋರಿಸ್ಲಿಕ್ಕೆ ಜಾಗ ಬೇಡ್ವಾ? ಇಷ್ಟು ಎಳೆದು ನಿಮಗೆ ಸಿಕ್ಕಿದ್ದು ಎಂತ? ಮರ್ಯಾದೆಯಲ್ಲಿ ಮೊದಲು ಎಲ್ಲಿತ್ತೋ ಅಲ್ಲಿಗೆ ಬಿಟ್ಟುಕೊಡಿ!"

ಪಟ್ಟಿಯ ಅಡಿಯಿಂದ ಮಾಸ್ತರರ ಕೆಮ್ಮು ಕೇಳಿಸಿತು. "ದೂತೆಯೇ, ಬಲವಿದ್ದವನು ಎಳೆದುಕೊಂಡರೆ ತಪ್ಪೇನು?"

"ಯಾರದು?" ಎಂದಳು ಜಯ.

"ರಾಜ. ಸುಮ್ಮನಿರು" ಎಂದು ಕೈ ಮುಗಿದೆ. ಆದರೆ ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡದೆ ಬಿಡುವ ವಂಶವಲ್ಲ ಅವಳದು.

"ಎಳೆಯುವ ಬಲ ಇದ್ರೆ ಸಾಲದು ರಾಜರೇ, ಎಲ್ಲಿ ನಿಲ್ಲಿಸುದು ಅಂತಲೂ ಗೊತ್ತಿರ್ಬೇಕು. ಸಂಶಯ ಇದ್ರೆ ನಮ್ಮವರನ್ನು ನೋಡಿ!"

ಮಂಡೆಕೋಲಿನ ಮಾಸ್ತರರು ಜೀವಮಾನದಲ್ಲಿ ಮೊದಲ ಸಲ "ಸೋತೆ" ಎಂದರು. ಭಾಗವತರು ತಾಳ ತಟ್ಟಿ ಮುಂದಿನ ಪದ್ಯ ಎತ್ತಿಯೇ ಬಿಟ್ಟರು. ಜಯ ನನ್ನ ಕೈಯಿಂದ ಮೌಸ್ ಕಿತ್ತು, ಪಟ್ಟಿಯ ಅಂಚು ಹಿಡಿದು ಒಮ್ಮೆ ಕೆಳಕ್ಕೆ ತಳ್ಳಿದಳು. ಏನೂ ಆಗಿಲ್ಲವೆಂಬಂತೆ ಅದು ಹೋಗಿ ಅಡಿಯಲ್ಲಿ ಮಲಗಿತು. ನಾನು ಗಂಟಲು ಸರಿಮಾಡಿಕೊಳ್ಳುವಾಗ ಅಲ್ಲಿ ರಾಜ ಭೂಮಿ ಬಿಟ್ಟುಕೊಟ್ಟಾಗಿತ್ತು, ಭಾಗವತರು ಮುಕ್ತಾಯದ ಮಂಗಳ ಹಾಡುತ್ತಿದ್ದರು. ಕಡಬದ ಭಾವನ ಸಂದೇಶ ಬಂತು: "ದೂತ ಭಾರೀ ಲಾಯ್ಕ! ನೀವು ಯಾವಾಗ ಮಾತಾಡುದು?"

ಸಂಜೆ ಭಾಗವತರ ಫೋನ್. "ಏನು ವಾದ ಮಾರಾಯ್ರೆ! ಬರುವ ವಾರ ಸುಳ್ಯದಲ್ಲಿ ಕೂಟ ಉಂಟು, ದೊಡ್ಡ ಪಾತ್ರ" ಎಂದರು. "ಖಂಡಿತ ಬರ್ತೇನೆ" ಎಂದೆ.

"ಅಲ್ಲ, ಫೋನ್ ಸ್ವಲ್ಪ ಅಕ್ಕನಿಗೆ ಕೊಡಿ."

ಕೊಟ್ಟೆ. ಜಯ ಒಪ್ಪಿದಳು. ಆಮೇಲೆ ನನ್ನ ಮುಖ ನೋಡಿ ಅವಳಿಗೇ ಕರುಣೆ ಬಂದಿರಬೇಕು. "ಇವರಿಗೂ ಒಂದು ಎಂತಾದ್ರೂ ಕೊಡಿ ಭಾಗವತರೇ. ಪಾಪ, ಆಸೆ ಉಂಟು" ಎಂದಳು.

"ಕೊಡುವ ಅಕ್ಕ, ಕೊಡುವ. ಮಾತಿಲ್ಲದ ಪಾತ್ರ ಯಾವುದಾದ್ರೂ ಉಂಟಾ ಅಂತ ಹುಡುಕ್ತೇನೆ."

ತಾಳಮದ್ದಳೆಯಲ್ಲಿ ಮಾತಿಲ್ಲದ ಪಾತ್ರವೇ ಇಲ್ಲ. ಆದರೂ ಭಾಗವತರು ಹಿರಿಯರು, ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವರು ಹುಡುಕುತ್ತಿದ್ದಾರೆ, ನಾನು ಕಾಯುತ್ತಿದ್ದೇನೆ!