ರೊಟ್ಟಿಯ ಸಪ್ಪಳ ಮತ್ತು ನಮ್ಮ ಚಾಳಿನ ಸಮಿತಿ

ಯಾವುದು ಸಮಸ್ಯೆ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಈ ಲೋಕದಲ್ಲಿ ತಡವಾಗಿ ಏಳುವವರ ಕೈಯಲ್ಲಿದೆ. ಎಷ್ಟು ದೊಡ್ಡ ವಿದ್ವಾಂಸರು ಬಂದರೂ ಈ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಅರವತ್ತರ ದಶಕದ ಆರಂಭದಲ್ಲಿ, ದಾಂಡೇಲಿಯ ಎಂಟು ಖೋಲಿಗಳ ಚಾಳಿನಲ್ಲಿ, ನನ್ನ ಅವ್ವನಿಂದ ಕಲಿತದ್ದು ಇದು.

ಕಾಗದದ ಕಾರ್ಖಾನೆಯಲ್ಲಿ ನಾನು ಗುಮಾಸ್ತ, ಬೆಳಗಿನ ಪಾಳಿ. ಪಾಳಿಗೆ ಕರೆಯುವ ಭೋಂಗಾ ಆರಕ್ಕೆ ಕೂಗುವ ಮೊದಲು ನನ್ನ ಬುತ್ತಿಯಲ್ಲಿ ನಾಲ್ಕು ಜೋಳದ ರೊಟ್ಟಿ ಇರಬೇಕೆಂಬುದು ಅವ್ವನ ಶಾಸನ. ಹಳಿಯಾಳ ಕಡೆಯ ಹಳ್ಳಿಯಿಂದ ಬರುವಾಗ ಅವಳು ತಂದದ್ದು ಎರಡು ಸೀರೆ, ರೊಟ್ಟಿ ಬಡಿಯುವ ಒಂದು ಮರದ ಹಲಗೆ. ನಾಲ್ಕೂವರೆಗೆ ಶುರುವಾದ ಪಟಪಟ ಸಪ್ಪಳ ತೆಳುಗೋಡೆಗಳನ್ನು ದಾಟಿ ಎಂಟೂ ಖೋಲಿಗಳಿಗೆ ಹೋಗುತ್ತಿತ್ತು. ಬೇರೆ ಮನೆಗಳಲ್ಲೂ ರೊಟ್ಟಿ ಇತ್ತು, ಆದರೆ ಬಿಸಿಲೇರಿದ ಮೇಲೆ.

ಚಾಳಿಗೊಂದು ಸುಧಾರಣಾ ಸಮಿತಿ ಇತ್ತು. ಕಾರ್ಯದರ್ಶಿ ಬಸವಂತಪ್ಪನವರು ಧಾರವಾಡದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ ಅಲ್ಲಿಂದಲೇ ಇಳಿದವರು; ಇಳಿಯುವಾಗ 'ಸಾಮಾಜಿಕ ಸಮಸ್ಯೆ' ಎಂಬ ಮಾತೊಂದನ್ನು ಜೊತೆಗೆ ತಂದಿದ್ದರು. ಒಂದು ರವಿವಾರ ತಮ್ಮ ಖೋಲಿಯಲ್ಲಿ ಸಭೆ ಕರೆದು, ನಸುಕಿನ ರೊಟ್ಟಿ ಬಡಿತವೇ ಅಂಥ ಸಮಸ್ಯೆ ಎಂದು ಸಾರಿದರು. ಅವರ ಮಾತು ಕೇಳುತ್ತ ಕೇಳುತ್ತ ದುಡಿಯುವ ಜನರ ನಿದ್ದೆ, ಆರೋಗ್ಯ, ಕೊನೆಗೆ ದೇಶದ ಪ್ರಗತಿ, ಎಲ್ಲವೂ ಅವ್ವನ ಅಂಗೈ ಕೆಳಗೆ ಚಪ್ಪಟೆಯಾಗುತ್ತಿವೆ ಎಂದು ನನಗೂ ಅನಿಸಿತು. ಬೆಳಕು ಹರಿಯುವ ಮೊದಲು ಯಾರೂ ರೊಟ್ಟಿ ಬಡಿಯಬಾರದೆಂದು ನಿರ್ಣಯವಾಯಿತು. ಆ ಠರಾವು ಬರೆಯಲು ಅಕ್ಷರ ಚೆನ್ನಾಗಿದ್ದವರು ಬೇಕಿತ್ತು. ಬರೆದವನು ನಾನೇ.

ಮನೆಗೆ ತಂದು ಅವ್ವನಿಗೆ ಓದಿ ಹೇಳಿದೆ. ಬರೆದವರು ಯಾರೆಂದು ಕೇಳಿದಳು. ಸಮಿತಿಯವರು ಎಂದೆ. ಅವಳಿಗೆ ಓದು ಬಾರದು. ಆದರೂ ಕಾಗದವನ್ನು ಬೆಳಕಿಗೆ ಹಿಡಿದು, "ಸಮಿತಿಗೂ ನಿನ್ನಂಗ ದುಂಡನ್ನ ಅಕ್ಷರ ಐತಿ ನೋಡು" ಎಂದಳು.

ಮುಂದಿನ ರವಿವಾರ ಸಭೆಗೆ ತಾನೇ ಬಂದು ಹೊಸ್ತಿಲಲ್ಲಿ ನಿಂತಳು. ಹೆಂಗಸರು ಸಭೆಗೆ ಬರುವ ರೂಢಿ ಇರಲಿಲ್ಲ. ಬರಬಾರದೆಂದು ಯಾರೂ ಬರೆದೂ ಇರಲಿಲ್ಲ. ನಮ್ಮ ಚಾಳಿನ ಕಡೇ ಖೋಲಿಯ ಈರಪ್ಪ ಪ್ರತಿ ಶನಿವಾರ ಸಂಜೆ ಕುಡಿದು ಬಂದು ಹೆಂಡತಿ ಶಾಂತವ್ವನನ್ನು ಹೊಡೆಯುತ್ತಿದ್ದ. ಆ ಸಪ್ಪಳವೂ ಅವೇ ಗೋಡೆಗಳನ್ನು ದಾಟುತ್ತಿತ್ತು. ನಾವೆಲ್ಲ ಕದ ಮುಂದೆ ಮಾಡಿಕೊಳ್ಳುತ್ತಿದ್ದೆವು.

"ಬಸವಂತಪ್ಪಾರ, ನಾ ಹಿಟ್ಟು ಬಡಿಯೂದು ನಿಮಗ ಕೇಳಸ್ತೈತಿ. ಶಾಂತವ್ವನ್ನ ಬಡಿಯೂದು ಕೇಳಸೂದಿಲ್ಲೇನ್ರಿ?"

ಅದು ಗಂಡ ಹೆಂಡಿರ ವಿಷಯ ಎಂದು ಕಾರ್ಯದರ್ಶಿಗಳು ನೆಲ ನೋಡಿಕೊಂಡು ಹೇಳಿದರು. ಈರಪ್ಪ ಸಮಿತಿಯ ಸದಸ್ಯನಾಗಿ ಅವರ ಪಕ್ಕದಲ್ಲೇ ಕೂತಿದ್ದ.

"ಹಂಗಾರ ರೊಟ್ಟಿ ತಾಯಿ ಮಗನ ವಿಷಯ" ಎಂದು ಹೇಳಿ ಅವ್ವ ಹೊರಟುಹೋದಳು.

ಆ ಶನಿವಾರ ಸಂಜೆ ಕಡೇ ಖೋಲಿಯಲ್ಲಿ ಗದ್ದಲ ಶುರುವಾದ ಕೂಡಲೇ ಅವ್ವ ಹಲಗೆ ಎತ್ತಿಕೊಂಡು ಹೋಗಿ ಈರಪ್ಪನ ಬಾಗಿಲ ಮುಂದೆ ಕೂತು ಬಡಿಯತೊಡಗಿದಳು. ಹಿಟ್ಟಿರಲಿಲ್ಲ, ಬರೀ ಹಲಗೆ. ಬಸವಂತಪ್ಪನವರ ಹೆಂಡತಿ ತಮ್ಮ ಮನೆಯದನ್ನು ತಂದು ಪಕ್ಕದಲ್ಲಿ ಕೂತರು. ಆಮೇಲೆ ಉಳಿದ ಹೆಂಗಸರು. ನಾನು ಒಳಗೇ ನಿಂತಿದ್ದೆ. ನನ್ನ ಕಾಲು ಹೊಸ್ತಿಲು ದಾಟಲು ಸ್ವಲ್ಪ ಹೊತ್ತು ಹಿಡಿಯಿತು. ಈರಪ್ಪ ಕದ ತೆರೆದು ನೋಡಿದ. ಯಾರೂ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವನು ತಲೆ ತಗ್ಗಿಸಿ ಹೊರಗೆ ಹೋದ. ಶಾಂತವ್ವ ಅಂದು ನಮ್ಮ ಮನೆಯಲ್ಲಿ ಉಂಡಳು. ಇನ್ನೂ ಎರಡು ಶನಿವಾರ ಹಲಗೆಗಳು ಹೊರಗೆ ಬಂದವು. ಆಮೇಲೆ ಅಗತ್ಯ ಬೀಳಲಿಲ್ಲ.

ಆಗ ಸಮಿತಿ ಸಭೆ ಸೇರಿ, ಹೆಂಡತಿಯನ್ನು ಹೊಡೆಯುವುದು ಸಾಮಾಜಿಕ ಸಮಸ್ಯೆ ಎಂದು ಒಮ್ಮತದಿಂದ ಠರಾವು ಮಾಡಿತು. ಅದನ್ನು ಕಂಡುಹಿಡಿದವರು ತಾವೇ ಎಂಬಂತೆ ಬಸವಂತಪ್ಪನವರು ಅರ್ಧ ತಾಸು ಮಾತಾಡಿದರು. ರೊಟ್ಟಿಯ ಠರಾವನ್ನು ಯಾರೂ ರದ್ದು ಮಾಡಲಿಲ್ಲ, ಪಾಲಿಸಲೂ ಇಲ್ಲ. ನೋಡನೋಡುತ್ತ ಐದು ಮನೆಗಳಲ್ಲಿ ನಸುಕಿಗೇ ರೊಟ್ಟಿ ಬಡಿಯತೊಡಗಿದರು.

ಹೇಳಲು ನಾಚಿಕೆ, ರಜೆಯ ದಿನ ಏಳರ ತನಕ ಮಲಗುವ ಆಸೆ ನನಗೆ. ಒಂದು ರವಿವಾರ ಹಾಸಿಗೆಯಿಂದಲೇ, ಸ್ವಲ್ಪ ಮೆಲ್ಲಗೆ ಬಡಿಯಬಾರದೇ ಎಂದು ಅವ್ವನನ್ನು ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಸಮಿತಿಗೆ ಅರ್ಜಿ ಕೊಡು, ತಮ್ಮಾ."