ಬೀಟ್‌ರೂಟಿನಿಂದ ಬಿಪಿ ಏರಿಸಿಕೊಂಡದ್ದು

ಮಕ್ಕಳೇ, ರಕ್ತದೊತ್ತಡ ಇಳಿಸುವುದೇನು ಮಹಾ ಕೆಲಸ ಎಂದುಕೊಂಡಿದ್ದೆ.

ಕಣ್ಣಿನ ಪೊರೆ ಬಲಿತು ನಿಮ್ಮ ಮುಖಗಳೇ ನನಗೆ ಮಂಜಾಗಿದ್ದವು. ಆಸ್ಪತ್ರೆಯ ಡಾಕ್ಟರಮ್ಮ, ಮಂಗಳೂರಿನ ಕಡೆಯವರು, "ಬಿಪಿ ಇಳಿಯದೆ ಆಪರೇಷನ್ ಇಲ್ಲಮ್ಮ. ಮಾತ್ರೆ ಬಿಡಬೇಡಿ, ಉಪ್ಪು ಬಿಡಿ" ಎಂದಿದ್ದರು.

ದಿಲ್ಲಿಯ ಜನಕಪುರಿಯ ನಮ್ಮ ಪಾರ್ಕಿನಲ್ಲಿ ಒಬ್ಬ ರಾಯರಿದ್ದಾರೆ. ಜೀವನವಿಡೀ ಸರ್ಕಾರಿ ಫೈಲು ತಳ್ಳಿ, ನಿವೃತ್ತರಾದ ಮರುದಿನವೇ ಹೃದ್ರೋಗತಜ್ಞರಾದ ಮಹಾನುಭಾವರು! ಬೆಂಚಿನ ಮೇಲಿಂದ ಅಪ್ಪಣೆ ಕೊಡಿಸಿದರು.

"ನೋಡಿ ತಾಯಿ, ರಕ್ತನಾಳದ ಒಳಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಅಂತ ಗ್ಯಾಸ್ ಹುಟ್ಟುತ್ತೆ. ನಾಳ ಸಡಿಲ ಮಾಡೋದು, ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಕಾಯೋದು ಅದೇ. ವಯಸ್ಸಾದ್ಮೇಲೆ ಕಮ್ಮಿ ಆಗುತ್ತೆ. ಬೀಟ್‌ರೂಟ್ ರಸ ಕುಡೀರಿ, ಬಸ್, ಅಷ್ಟೇ!"

ಕುಡಿದೆ. ಮಣ್ಣು ನೆಕ್ಕಿದ ಹಾಗಿತ್ತು. ಧಾರಾಳವಾಗಿ ಕಾಲಾ ನಮಕ್, ಅದೇ ಕಪ್ಪು ಉಪ್ಪು, ಬೆರೆಸಿದೆ. ಅಮೃತ! ಡಾಕ್ಟರಮ್ಮ ಬಿಡಲು ಹೇಳಿದ್ದು ಬಿಳಿ ಉಪ್ಪನ್ನು ಮಾತ್ರ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಅಂದು ಸಂಜೆ ಭಜನೆಯಲ್ಲಿ ಪದ್ಮಕ್ಕ ನನ್ನ ಬಾಯಿ ನೋಡಿ, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ ಕೇಳಿದರು.

"ಅಲ್ರೀ, ಎಲೆಅಡಿಕೆ ಮತ್ತೆ ಶುರು ಮಾಡಿದ್ರಾ?"

ನಿಮ್ಮ ತಾತ ಹೋದ ದಿನವೇ ತಾಂಬೂಲ ಬಿಟ್ಟವಳು ನಾನು! ಬೀಟ್‌ರೂಟ್ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿ ತೆರೆದರೆ ಕೆಂಪು ನಾಲಿಗೆಯೂ ಕಾಣುತ್ತದಲ್ಲ! ತುಟಿ ಬಿಗಿದುಕೊಂಡೇ ಭಜನೆ ಮುಗಿಸಿದೆ.

ಆಮೇಲೆ ನನ್ನ ಬುದ್ಧಿ ಚುರುಕಾಯಿತು. ರಸ ಕುಡಿದಾಗಲೆಲ್ಲ ನಿಮ್ಮಪ್ಪನ ನೀಲಿ ಮೌತ್‌ವಾಶಿನಿಂದ, ಕಣ್ಣಲ್ಲಿ ನೀರು ಬರುವವರೆಗೆ ಬಾಯಿ ಮುಕ್ಕಳಿಸಿದೆ.

"ಅತ್ತೆ, ಬಾಟ್ಲಿ ಇಷ್ಟು ಬೇಗ ಖಾಲಿ ಆಯ್ತಲ್ಲ! ಕುಡೀತಿದ್ದೀರಾ ಹೇಗೆ?" ಎಂದಳು ನಿಮ್ಮಮ್ಮ. ನಾನು ಸೀರೆಯ ಸೆರಗು ಸರಿಮಾಡಿಕೊಂಡೆ.

ಆಪರೇಷನ್ನಿನ ದಿನ ಡಾಕ್ಟರಮ್ಮ ಬಿಪಿ ನೋಡಿದರು. ನಂಬದೆ ಇನ್ನೊಂದು ತೋಳಿಗೂ ಪಟ್ಟಿ ಸುತ್ತಿದರು.

"ಮೊದಲಿಗಿಂತ ಜಾಸ್ತಿ ಆಗಿದೆಯಲ್ಲಮ್ಮ! ಏನು ಮಾಡಿದ್ರಿ?"

ಪಿಸುಗುಟ್ಟಿ ಎಲ್ಲ ಹೇಳಿದೆ. ಅವರು ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದರು.

"ಬೀಟ್‌ರೂಟ್ ಆ ಗ್ಯಾಸ್ ಆಗೋದಕ್ಕೆ ನಾಲಿಗೆ ಮೇಲಿನ ಒಳ್ಳೆ ಬ್ಯಾಕ್ಟೀರಿಯಾ ಬೇಕು. ಮೌತ್‌ವಾಶ್ ಹಾಕಿ ನೀವು ಅವನ್ನೇ ಕೊಂದಿದ್ದೀರಿ! ಮೇಲಿಂದ ಉಪ್ಪು ಬೇರೆ! ಮನೆಗೆ ಹೋಗಿ, ಬಿಪಿ ಇಳಿಸಿಕೊಂಡು ಬನ್ನಿ."

ಕೋಪ ನೆತ್ತಿಗೇರಿತು. ನೇರ ಪಾರ್ಕಿಗೆ ಹೋಗಿ, ಬೆಂಚಿನ ಮೇಲಿದ್ದ ರಾಯರ ಎದುರು ನಿಂತೆ.

"ಅರ್ಧ ವಿದ್ಯೆಗೆ ಇಷ್ಟು ಜಂಭ ಬೇರೆ! ಫೈಲಿನ ಧೂಳು ಕುಡಿದ ತಲೆಗೆ ನನ್ನ ರಕ್ತನಾಳದ ಉಸಾಬರಿ ಯಾಕೆ?"

ರಾಯರು ಗಾಬರಿಯಿಂದ ಎದ್ದು ಕೈ ಮುಗಿದರು.

"ಮಾತಾಜೀ, ಮೈ ತೋ ಮಾಲೀ ಹೂಂ!"

ಜನ್ಮದಲ್ಲಿ ಮೊದಲ ಸಲ ಒಬ್ಬರನ್ನು ಗಟ್ಟಿಯಾಗಿ ಬೈದೆ. ಅದೂ ಪೊರೆಗಣ್ಣಿಗೆ ರಾಯರಂತೆ ಕಂಡ, ಕನ್ನಡ ಬಾರದ ಪಾರ್ಕಿನ ಮಾಲಿಯನ್ನು!